ಜನವರಿ 16: ಸಾಂಕವಾಳಕ್ಕೆ ಹೋಗೋಣ

ಎಲ್ಲರಿಗೂ ನಮಸ್ಕಾರ. ಜನವರಿ 16 ಸಂತ ಜೋಸೆಫ್ ವಾಜ್ ಅವರ ಹಬ್ಬ. ಗೋವಾದ ಸಾಂಕವಾಳದಲ್ಲಿ ಅವರ ಪುಣ್ಯಕ್ಷೇತ್ರವಿದೆ, ಅಲ್ಲಿಗೆ ಹೋಗೋಣ. ಬೆಳಿಗ್ಗೆ 7ಕ್ಕೆ ವಾಸ್ಕೊ ಬಸ್ ಸ್ಟ್ಯಾಂಡ್ ಹತ್ತಿರ ಸೇರೋಣ. ಬರುವವರು ಇಲ್ಲಿ ಹೆಸರು ಹಾಕಿ.

ಮಕ್ಕಳಿಗೆ ಅವರ ಕಥೆ ಹೇಳಿಯೇ ಕರೆತನ್ನಿ. ಗೋವಾದವರು, ಆದರೆ ಮೊದಲು ನಮ್ಮ ಮಂಗಳೂರು, ಕುಂದಾಪುರದ ಕಡೆ ಸೇವೆ ಮಾಡಿದವರು. 1687ರಲ್ಲಿ ಶ್ರೀಲಂಕಾಕ್ಕೆ ಹೋದರು. ಡಚ್ಚರು ಅಲ್ಲಿಂದ ಕ್ಯಾಥೊಲಿಕ್ ಪಾದ್ರಿಗಳನ್ನು ಓಡಿಸಿದ್ದರು. ಇವರು ಭಿಕ್ಷುಕನ ವೇಷದಲ್ಲಿ ಮನೆಮನೆ ತಿರುಗಿದರು. ತಮಿಳು, ಸಿಂಹಳ ಕಲಿತರು. 1697ರಲ್ಲಿ ಕ್ಯಾಂಡಿಯಲ್ಲಿ ಸಿಡುಬು ಹರಡಿತು. ಮನೆಯವರೇ ರೋಗಿಗಳನ್ನು ಬಿಟ್ಟು ಓಡಿದರು. ಇವರು ಅವರಿಗೆ ಉಣ್ಣಿಸಿದರು, ಮೈ ತೊಳೆದರು, ಸತ್ತವರನ್ನು ಮಣ್ಣು ಮಾಡಿದರು. ಯಾವ ಧರ್ಮದವರು ಅಂತ ಕೇಳಲಿಲ್ಲ. ನನಗೆ ಅವರ ಬದುಕಿನಲ್ಲಿ ಎಲ್ಲಕ್ಕಿಂತ ದೊಡ್ಡದು ಇದೇ.

ಈ ಸಲದ ಕಾಣಿಕೆ ಹೊರದೇಶದ ಬಡ ಹಳ್ಳಿಗಳಲ್ಲಿ ದವಾಖಾನೆ ನಡೆಸುವ ಸಿಸ್ಟರ್‌ಗಳಿಗೆ. ದಯವಿಟ್ಟು ಹಳೇ ಬಟ್ಟೆ ತರಬೇಡಿ, ಕಳಿಸುವ ಖರ್ಚೇ ಜಾಸ್ತಿ. ಹಣವನ್ನೇ ಕೊಡಿ, ಅವರು ಬೇಕಾದ ಔಷಧಿ ಅಲ್ಲೇ ಕೊಳ್ಳುತ್ತಾರೆ. ಸುಮ್ನೆ ನನ್ನ ಕೈಗೆ ಕೊಡಬೇಡಿ, ಚರ್ಚ್ ಆಫೀಸಿನಲ್ಲಿ ಕಟ್ಟಿ ರಸೀದಿ ತಗೊಳ್ಳಿ. ಕೈಯಲ್ಲಿ ದುಡ್ಡಿಲ್ಲದವರೂ ಖಂಡಿತ ಬನ್ನಿ. ನೀರಿನ ಬಾಟಲಿ ಮರೆಯಬೇಡಿ.