ಮಾಜಿ ಸೈನಿಕರಿಗಾಗಿ ಹಣ ಕೂಡಿಸುವ ಅಳಿಯನಿಗೆ

ಬಳ್ಳಾರಿ

ಚಿರಂಜೀವಿ ಅಳಿಯನಿಗೆ ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ.

ಮಾಜಿ ಸೈನಿಕರ ನೆರವಿಗೆಂದು ಬೆಂಗಳೂರಿನಲ್ಲಿ ನಿಮ್ಮ ಕಂಪನಿಯವರು ಒಂದೇ ದಿನ 72 ಹೋಲ್ ಗಾಲ್ಫ್ ಆಡಿ ದೇಣಿಗೆ ಕೂಡಿಸಲಿದ್ದಾರೆಂದೂ, ನೀನು ಆಡುವುದರ ಜೊತೆಗೆ ಲೆಕ್ಕಪತ್ರದ ಹೊಣೆಯನ್ನೂ ಹೊತ್ತಿರುವೆಯೆಂದೂ ಅಕ್ಕ ತಿಳಿಸಿದಳು. ಬಹಳ ಸಂತೋಷವಾಯಿತು. ಸೇನೆಯಿಂದ ಮರಳಿದಂದಿನಿಂದ ಈ ಭಾಗದ ನಿವೃತ್ತ ಜವಾನರಿಗೆ ಪಿಂಚಣಿಯ ಅರ್ಜಿಗಳನ್ನು ಬರೆದುಕೊಡುತ್ತ ಬಂದವನಾದ್ದರಿಂದ ನಿನಗೆ ಒಂದು ಮಾತು ಹೇಳಲೇಬೇಕು: ಕೂಡಿದ ಹಣ ಯಾರಿಗೆ, ಯಾವ ಕೆಲಸಕ್ಕೆ ಸಲ್ಲುತ್ತದೆ ಎಂಬುದನ್ನು ಮೊದಲ ಚೆಂಡು ಹೊಡೆಯುವ ಮುನ್ನವೇ ಬರಹದಲ್ಲಿ ನಿಶ್ಚಯಿಸಿಕೊ.

ಸೈನಿಕ ಎಂದೊಡನೆ ನಗರದವರಿಗೆ ಗಡಿ ನೆನಪಾಗುತ್ತದೆ, ಊರಿಗೆ ಮರಳಿದ ಮೇಲಿನ ಬದುಕು ನೆನಪಾಗುವುದಿಲ್ಲ. ಹದಿನೈದು ಹದಿನೇಳು ವರ್ಷ ಸೇವೆ ಸಲ್ಲಿಸಿ ಬರುವ ಜವಾನನಿಗೆ ಸಾಮಾನ್ಯವಾಗಿ ನಲವತ್ತು ಕೂಡ ತುಂಬಿರುವುದಿಲ್ಲ. ಮಕ್ಕಳ ಓದು, ಮನೆ, ಹೆತ್ತವರ ಔಷಧೋಪಚಾರ ಎಲ್ಲವೂ ಎದುರಿಗೇ ಇರುತ್ತವೆ. ಪಿಂಚಣಿಗೆ ಬೇಕಾದ 15 ವರ್ಷ ತುಂಬುವ ಮೊದಲೇ ಬಿಟ್ಟು ಬಂದವರ ಪಾಡು ಇನ್ನೂ ಕಷ್ಟ. ಹವಾಲ್ದಾರ್ ದರ್ಜೆಯವರೆಗಿನ, 65 ದಾಟಿದ, ಪಿಂಚಣಿಯಿಲ್ಲದವರಿಗೆ ಕೇಂದ್ರೀಯ ಸೈನಿಕ ಮಂಡಳಿಯ ಮೂಲಕ ಸಹಾಯಧನವಿದೆ. ಆದರೆ ಸೇನೆಯಿಂದ ಬಿಡುಗಡೆಯಾಗುವಾಗ ಕೊಡುವ ಡಿಸ್ಚಾರ್ಜ್ ಬುಕ್ಕಿನಲ್ಲಿ ಒಂದು ಹೆಸರು, ಆಧಾರ್ ಕಾರ್ಡಿನಲ್ಲಿ ಇನ್ನೊಂದು ಇದ್ದರೆ ಅರ್ಜಿ ಅಲ್ಲಿಗೇ ನಿಂತುಬಿಡುತ್ತದೆ, ಸಿರುಗುಪ್ಪ ಸೀಮೆಯ ಹಳ್ಳಿಯ ವಿಧವೆಯೊಬ್ಬಳು ದಿನದ ಕೂಲಿ ಬಿಟ್ಟು ಮತ್ತೆ ಮತ್ತೆ ಬಸ್ಸು ಹತ್ತಬೇಕಾಗುತ್ತದೆ. ಇಂಥವರ ಕಾಗದಪತ್ರ ಸರಿಪಡಿಸಿಕೊಡಲು ಒಬ್ಬ ಗುಮಾಸ್ತನಿಗೆ ಸಂಬಳ ಕೊಟ್ಟರೂ ಅದು ದೊಡ್ಡ ಸೇವೆಯೇ. ಬೆನ್ನುಹುರಿಗೆ ಪೆಟ್ಟು ಬಿದ್ದ ಯೋಧರಿಗಾಗಿ ಪುಣೆಯ ಖಡ್ಕಿಯಲ್ಲಿ 1974ರಿಂದ ಪುನರ್ವಸತಿ ಕೇಂದ್ರವೊಂದು ನಡೆಯುತ್ತಿದೆ, ಅದನ್ನೂ ಗಮನದಲ್ಲಿಟ್ಟುಕೊ. ಎಲ್ಲವನ್ನೂ ಮಾಡಲು ಹೋಗದೆ ಒಂದನ್ನು ಆರಿಸಿಕೊ. ಅಮೆರಿಕದಲ್ಲಿ ಎಫ್-16 ಯುದ್ಧವಿಮಾನದ ಪೈಲಟ್ ಆಗಿದ್ದ ಗಾಲ್ಫ್ ಆಟಗಾರ ಡ್ಯಾನ್ ರೂನಿ 2007ರಲ್ಲಿ ಕಟ್ಟಿದ ಫೋಲ್ಡ್ಸ್ ಆಫ್ ಆನರ್ ಸಂಸ್ಥೆ, ಮಡಿದ ಮತ್ತು ಅಂಗವಿಕಲರಾದ ಯೋಧರ ಮಡದಿ ಮಕ್ಕಳ ವಿದ್ಯಾಭ್ಯಾಸವನ್ನೇ ಮುಖ್ಯ ಗುರಿಯಾಗಿ ಹಿಡಿಯಿತು. ದಾನಿಗಳಿಗೆ ತಮ್ಮ ಹಣದ ದಾರಿ ಅದರಿಂದಲೇ ಸ್ಪಷ್ಟವಾಯಿತು.

ಖರ್ಚಿನ ವಿಷಯದಲ್ಲಿ ನಿಷ್ಠುರನಾಗಿರು. ಮೈದಾನದ ಶುಲ್ಕ, ಊಟ, ಟೀ ಶರ್ಟು, ಪಾರಿತೋಷಕಗಳ ವೆಚ್ಚವನ್ನು ಕಂಪನಿ ತನ್ನ ಪ್ರಚಾರದ ಬಾಬಿನಿಂದ ಭರಿಸಲಿ, ದೇಣಿಗೆಯ ಖಾತೆ ಬೇರೆಯೇ ಇರಲಿ. ಕಂಪನಿಗಳು ತಮ್ಮ ಸಾಮಾಜಿಕ ಹೊಣೆಗಾರಿಕೆಯ (ಸಿಎಸ್‌ಆರ್) ಹಣವನ್ನು ಯಾವ ಕೆಲಸಗಳಿಗೆ ಬಳಸಬಹುದೆಂದು ಹೇಳುವ, 2013ರ ಕಂಪನಿ ಕಾಯ್ದೆಯ ಏಳನೆಯ ಅನುಸೂಚಿಯಲ್ಲಿ ಮಾಜಿ ಸೈನಿಕರ ಮತ್ತು ಯುದ್ಧ ವಿಧವೆಯರ ಕಲ್ಯಾಣ ಸೇರಿದೆ. ಆದ್ದರಿಂದ ನೌಕರರು ಕೂಡಿಸಿದಷ್ಟೇ ಮೊತ್ತವನ್ನು ಕಂಪನಿಯೂ ಸಿಎಸ್‌ಆರ್ ನಿಧಿಯಿಂದ ಕೊಡಲೆಂದು ಕೇಳು, ಆದರೆ ಆಟದ ಏರ್ಪಾಡಿನ ವೆಚ್ಚವನ್ನು ಆ ಲೆಕ್ಕಕ್ಕೆ ಸೇರಿಸಲು ಬರುವುದಿಲ್ಲ. ತೆರಿಗೆ ವಿನಾಯಿತಿಯ ರಸೀದಿ ಬೇಕೆನ್ನುವವರಿಗೆ 2,000 ರೂಪಾಯಿಗಿಂತ ಹೆಚ್ಚಿನ ನಗದು ದೇಣಿಗೆಗೆ ಅದು ಅನ್ವಯಿಸದೆಂದು ಮೊದಲೇ ತಿಳಿಸು.

72 ಹೋಲ್ ಎಂದರೆ ನಾಲ್ಕು ಪೂರ್ಣ ಸುತ್ತು, ಮೂವತ್ತು ಕಿಲೋಮೀಟರಿಗೆ ಮೇಲ್ಪಟ್ಟ ನಡಿಗೆ. ಹಗಲು ಮುಗಿಯುವುದರೊಳಗೆ ಅದು ಆಗಬೇಕಾದರೆ ನಸುಕಿನಲ್ಲೇ ಇಬ್ಬರು ಮೂವರ ಚಿಕ್ಕ ಗುಂಪುಗಳಾಗಿ ಹೊರಡಬೇಕು. ಈಗಿನಿಂದಲೇ ನಡಿಗೆ ರೂಢಿಸಿಕೊ. ನಿಮ್ಮ ಚೀಲ ಹೊತ್ತು ಅಷ್ಟೇ ದೂರ ನಡೆಯುವ ಕ್ಯಾಡಿಗಳಿಗೆ ನಾಲ್ಕು ಸುತ್ತಿನ ಪೂರ್ಣ ಕೂಲಿಯನ್ನು ಅಂದೇ ಕೊಡಿಸು. ಸೇವೆಯ ಹೆಸರಿನಲ್ಲಿ ಅವರ ದುಡಿಮೆಯನ್ನು ಅಗ್ಗಕ್ಕೆ ಪಡೆಯುವುದು ನನಗೆ ಸರಿಕಾಣದು.

ಕರಪತ್ರದಲ್ಲಿ ಗಾಯಾಳುಗಳ ಚಿತ್ರ ಹಾಕಿ ಕನಿಕರ ಯಾಚಿಸಬೇಡಿರಿ. 1949ರಿಂದ ಡಿಸೆಂಬರ್ 7ರಂದು ನಡೆಯುತ್ತಿರುವ ಸಶಸ್ತ್ರ ಪಡೆಗಳ ಧ್ವಜ ದಿನಾಚರಣೆಯಲ್ಲಿ ಜನ ಚಿಕ್ಕ ಧ್ವಜ ಪಡೆದು ಹಣ ಹಾಕುವುದು ಋಣದ ಭಾವದಿಂದ. ನಿಮ್ಮ ಮನವಿಯ ಧಾಟಿಯೂ ಹಾಗಿರಲಿ. ನೆರವು ಪಡೆಯುವವರ ಹೆಸರನ್ನು ಅವರ ಒಪ್ಪಿಗೆಯಿಲ್ಲದೆ ಪ್ರಕಟಿಸಬೇಡ.

ಹಣ ಸ್ವೀಕರಿಸುವ ಸಂಸ್ಥೆಯ ನೋಂದಣಿ ಪತ್ರ ಮತ್ತು ಹಿಂದಿನ ವರ್ಷಗಳ ಲೆಕ್ಕಪರಿಶೋಧನಾ ವರದಿಯ ಪ್ರತಿಗಳನ್ನು ತರಿಸಿಕೊಂಡು ನನಗೂ ಕಳುಹಿಸು. ಓದಿ, ಸಂದೇಹವಿರುವಲ್ಲಿ ಗುರುತು ಹಾಕಿ ಮರಳಿಸುತ್ತೇನೆ.

ಇಂತು,
ನಿನ್ನ ಮಾವ