ಬೊಂಬೆ ಮುಖದ ರೇಟು ಯಾಕೆ ಏರಿತು: ನಮ್ಮ ಗ್ರಾಹಕರಿಗೆ ಪತ್ರ

ಎಲ್ಲರಿಗೂ ನಮಸ್ಕಾರ.

ಇನ್ನು ಮುಂದೆ ಮುಂಬೈಯ ನಮ್ಮ ಭಾಂಡುಪ್ ವರ್ಕ್‌ಶಾಪಿನಲ್ಲಿ, ಗಣೇಶ ಮಂಟಪಗಳಲ್ಲಿ ಮೋಟಾರಿನಿಂದ ಕಣ್ಣು ಬಾಯಿ ಆಡಿಸುವ ಬೊಂಬೆಗಳಿಗೆ ಲೇಟೆಕ್ಸ್ (ರಬ್ಬರ್) ಮುಖ ಮಾಡುವುದಿಲ್ಲ. ಎಲ್ಲವೂ ಸಿಲಿಕೋನ್, ಅಂದರೆ ರಬ್ಬರಿನಂಥದ್ದೇ ಇನ್ನೊಂದು ಮೆತ್ತನೆಯ ವಸ್ತು. 28,000 ರೂಪಾಯಿಯ ಮುಖ 41,000 ಆಗುತ್ತದೆ. ಮೂರು ವಾರದ ಕೆಲಸಕ್ಕೆ ಆರು ವಾರ ಬೇಕು. ಡೊಂಬಿವಲಿ, ಮುಲುಂಡ್ ಕಡೆಯಿಂದ ಚೌತಿಯ ಫೋನುಗಳು ಶುರುವಾಗಿವೆ, ಅದಕ್ಕೇ ಈಗಲೇ ಹೇಳುತ್ತಿದ್ದೇವೆ.

ಹೋದ ಚೌತಿಯಲ್ಲಿ ಎರಡು ಗಣೇಶ ಮಂಡಲಗಳಲ್ಲಿ ನಮ್ಮ ಬೊಂಬೆಯ ಬಾಯಿ ನಿಂತುಹೋಯಿತು. ಮಕ್ಕಳು ಮುಂದೆ ಕೂತಿದ್ದಾಗ ಹೀಗಾದದ್ದು ನಮಗೂ ತುಂಬಾ ನೋವಾಯಿತು. ದಯವಿಟ್ಟು ಕ್ಷಮಿಸಿ. ಆದರೆ 'ಲ್ಯಾಮಿಂಗ್ಟನ್ ರೋಡಿನ ನೂರೈವತ್ತು ರೂಪಾಯಿ ಮೋಟಾರ್ ಹಾಕಿ ಸಾವಿರಗಟ್ಟಲೆ ತಗೊಳ್ತಾರೆ' ಅನ್ನುವ ಮಾತು ಐದಾರು ಕಡೆ ಕೇಳಿದೆವು. ಲ್ಯಾಮಿಂಗ್ಟನ್ ರೋಡ್ ಅಂದರೆ ಮುಂಬೈಯ ಎಲೆಕ್ಟ್ರಾನಿಕ್ ಸಾಮಾನಿನ ಪೇಟೆ. ಆ ಮಾತಿಗೆ ಉತ್ತರ ಕೊಡಲೇಬೇಕು.

ಹಾಗೆ ಬಾಯಿ ನಿಂತ ಒಂದು ಅಜ್ಜಿ ಬೊಂಬೆ ವಾಪಸ್ ಬಂದಾಗ ಟೇಬಲ್ ಮೇಲಿಟ್ಟು ಮುಖ ಬಿಚ್ಚಿದೆವು. ದವಡೆ ಮೋಟಾರಿನ ಪ್ಲಾಸ್ಟಿಕ್ ಗೇರಿನಲ್ಲಿ ಮೂರು ಹಲ್ಲು ಹೋಗಿತ್ತು. ಅಲ್ಲಿ ಮೆಟಲ್ ಗೇರ್ ಹಾಕಬೇಕಿತ್ತು, ಆ ತಪ್ಪು ನಮ್ಮದೇ. ಆದರೆ ಹಲ್ಲು ಮುರಿದದ್ದು ಯಾಕೆ? ಕೆನ್ನೆಯ ಚರ್ಮ ಮಡಚಿ ನೋಡಿದರೆ ಹಳೇ ಚಪ್ಪಲಿ ಪಟ್ಟಿಯ ಹಾಗೆ ಸಣ್ಣ ಸಣ್ಣ ಬಿರುಕು. ಲೇಟೆಕ್ಸ್ ಅಂದರೆ ರಬ್ಬರ್ ಮರದ ಹಾಲು. ಬಿಸಿಲು, ಶಾಖ, ಗಾಳಿ ತಾಗಿ ತಾಗಿ ಗಟ್ಟಿಯಾಗುತ್ತದೆ. ಹ್ಯಾಲೊಜೆನ್ ಲೈಟಿನ ಎದುರು ಹತ್ತು ದಿನ ನಿಂತ ಮುಖ ಅದು. ಬಿಗಿಯಾದ ಚರ್ಮವನ್ನು ಎಳೆದೂ ಎಳೆದೂ ಮೋಟಾರ್ ಸೋತಿತು.

ಒಂದು ಮುಖದಲ್ಲಿ ನಾವು ಹನ್ನೊಂದು ಮೋಟಾರ್ ಇಡುತ್ತೇವೆ. ಕಣ್ಣುಗುಡ್ಡೆಗೆ ಎರಡು, ರೆಪ್ಪೆಗೆ ನಾಲ್ಕು, ಹುಬ್ಬಿಗೆ ಎರಡು, ತುಟಿಯ ತುದಿಗೆ ಎರಡು, ದವಡೆಗೆ ಒಂದು. ಅವೆಲ್ಲ ಸೇರಿದರೂ ಬಿಲ್ಲಿನ ಸಣ್ಣ ಪಾಲು. ದುಡ್ಡು ಹೋಗುವುದು ಚರ್ಮಕ್ಕೆ ಮತ್ತು ಕೈಕೆಲಸಕ್ಕೆ. ರೆಪ್ಪೆ ಗುಡ್ಡೆಗೆ ಉಜ್ಜಬಾರದು, ನಡುವೆ ಸಂದಿಯೂ ಕಾಣಬಾರದು. ಅದೊಂದನ್ನು ಕೂರಿಸಲು ಎರಡು ದಿನ ಉಜ್ಜುಕಾಗದ ಹಿಡಿದು ಕೂತಿರುತ್ತೇವೆ. ಕಣ್ಣು ಸರಿಯಾಗಿ ಮಿಟುಕಿದರೆ ಮಾತ್ರ ಮಗು ಆ ಬೊಂಬೆಯ ಜೊತೆ ಮಾತಾಡುತ್ತದೆ. ಅದನ್ನು ನೀವೂ ನೋಡಿದ್ದೀರಿ, ಅಲ್ವಾ?

ಸಿಲಿಕೋನ್ ವರ್ಷಗಟ್ಟಲೆ ಮೆತ್ತಗಿರುತ್ತದೆ. ಆದರೆ ಲೇಟೆಕ್ಸಿಗಿಂತ ಭಾರ, ಎಳೆದರೆ ಹರಿದುಹೋಗುತ್ತದೆ. ಅದಕ್ಕೆ ಎಳೆತ ಬೀಳುವ ಕಡೆಯೆಲ್ಲ ಒಳಗೆ ಬಲೆಬಟ್ಟೆ ಕೂರಿಸಬೇಕು. ಮಾಮೂಲಿ ಬಣ್ಣ ಅದಕ್ಕೆ ಹಿಡಿಯುವುದೇ ಇಲ್ಲ, ಬಣ್ಣವೂ ಸಿಲಿಕೋನಿನದ್ದೇ ಬೇಕು. ನಾವು ತರಿಸುವ ಪ್ಲಾಟಿನಂ ಸಿಲಿಕೋನ್ (ಪ್ಲಾಟಿನಂ ಅಂಶದಿಂದ ಗಟ್ಟಿಯಾಗುವ ಬಗೆ) ಅಚ್ಚಿಗೆ ಸುರಿಯುವಾಗ ದ್ರವ, ಗಂಧಕ ತಾಗಿದರೆ ಅದು ಗಟ್ಟಿಯಾಗುವುದಿಲ್ಲ. ಮುಖ ತಿದ್ದಲು ಬಳಸುತ್ತಿದ್ದ ಹಳೇ ಜೇಡಿಮಣ್ಣಿನಲ್ಲಿ ಗಂಧಕ ಇತ್ತು, ನಮಗೆ ಗೊತ್ತಾಗಲಿಲ್ಲ. ಮೊದಲ ಮುಖ ಪೂರ್ತಿ ಹಲಸಿನ ಮೇಣದ ಹಾಗೆ ಬೆರಳಿಗೆ ಅಂಟಿತು. ಇಡೀ ಮುಖ ಎಸೆದೆವು. ಆ ನಷ್ಟದ ಒಂದು ರೂಪಾಯಿಯನ್ನೂ ನಿಮ್ಮ ಮೇಲೆ ಹಾಕಿಲ್ಲ.

ಇನ್ನೊಂದು ಮಾತು. ಬೊಂಬೆಯ ಮುಖ ನಡುಗುತ್ತದೆ ಅಂದವರ ಮಂಟಪಕ್ಕೆ ಹೋಗಿ ನೋಡಿದರೆ ಮೊಬೈಲ್ ಚಾರ್ಜರ್‌ಗೆ ಚುಚ್ಚಿದ್ದರು. ಹನ್ನೊಂದು ಮೋಟಾರಿಗೆ ಆ ಕರೆಂಟ್ ಸಾಲದು. ಇನ್ನು ಪವರ್ ಸಪ್ಲೈ ನಾವೇ ಕೊಡುತ್ತೇವೆ, ಬೇರೆ ದುಡ್ಡು ಬೇಡ.

ಹಳೇ ಬೊಂಬೆ ಇರುವವರು ಗಾಬರಿಯಾಗಬೇಡಿ. ನಿಮ್ಮ ಬೊಂಬೆಗಳ ಅಚ್ಚು ಇಲ್ಲೇ ಅಟ್ಟದ ಮೇಲಿದೆ, ಒಂದನ್ನೂ ಒಡೆದಿಲ್ಲ. ತಂದುಕೊಟ್ಟರೆ ಸಾಮಾನಿನ ಖರ್ಚಿಗಷ್ಟೇ ಹೊಸ ಚರ್ಮ ಹಾಕುತ್ತೇವೆ. ಬಾಯಿ ನಿಂತ ಆ ಎರಡು ಮಂಡಲಗಳಿಗೆ ಅದೂ ಬೇಡ. ಚೌತಿಗೆ ಬೇಕಿದ್ದರೆ ಮೇ ಮುಗಿಯುವುದರೊಳಗೆ ಹೇಳಿ, ಆಮೇಲೆ ಹೇಳಿದರೆ ಒಪ್ಪಿಕೊಳ್ಳಲು ಆಗುವುದಿಲ್ಲ. ಹಬ್ಬದ ಹತ್ತೂ ದಿನ ನಮ್ಮಲ್ಲಿ ಒಬ್ಬರು ಮೋಟಾರು, ಸ್ಕ್ರೂಡ್ರೈವರ್ ಚೀಲದಲ್ಲಿಟ್ಟುಕೊಂಡು ತಯಾರಿರುತ್ತಾರೆ. ಎಷ್ಟು ಹೊತ್ತಾಗಿದ್ದರೂ ಫೋನ್ ಮಾಡಿ, ಬರುತ್ತೇವೆ.

ನಿಮ್ಮ,
ವರ್ಕ್‌ಶಾಪಿನ ನಾಲ್ಕೂ ಜನ