ಕಪ್ಪಾದ ಬಾಳೆಹಣ್ಣು ಮತ್ತು ಮಫಿನ್: ಮಗಳಿಗೊಂದು ಪತ್ರ

ತುಮಕೂರು
ಭಾನುವಾರ

ಪ್ರೀತಿಯ ಮಗಳಿಗೆ ಅಪ್ಪನ ಆಶೀರ್ವಾದಗಳು.

ನೀನು ಕಳುಹಿಸಿದ ಮಫಿನ್‌ಗಳ ಚಿತ್ರಗಳನ್ನು ನಾನೂ ನಿನ್ನಮ್ಮನೂ ನೋಡಿದೆವು. ಒಮ್ಮೆ ಮಾಡಿದಾಗ ಒಣಗಿ ಪುಡಿಪುಡಿಯಾದವೆಂದೂ, ಇನ್ನೊಮ್ಮೆ ಮಾಡಿದಾಗ ಮೇಲೆ ಚೆನ್ನಾಗಿ ಬೆಂದಂತೆ ಕಂಡರೂ ಒಳಗೆ ಅಂಟಂಟಾಗಿಯೇ ಉಳಿದವೆಂದೂ, ಎರಡು ಸಲವೂ ಬರೆದಿಟ್ಟುಕೊಂಡ ಅಳತೆಯಂತೆ ಮೂರೇ ಬಾಳೆಹಣ್ಣು ಹಾಕಿದ್ದೆನೆಂದೂ ಬರೆದಿದ್ದೀಯೆ. ಮೊದಲ ಸಲ ಹಾಕಿದ್ದು ಏಲಕ್ಕಿ ಬಾಳೆ, ಮರುಸಲ ಹಾಕಿದ್ದು ದೊಡ್ಡ ಪಚ್ಚಬಾಳೆ ಎಂಬುದನ್ನು ಓದಿದ ಮೇಲೆ ನನಗೆ ಬೇರೇನೂ ಕೇಳಬೇಕೆನಿಸಲಿಲ್ಲ. ಹಣ್ಣನ್ನು ಎಣಿಸಿ ಹಾಕುವವರೆಗೂ ಇದು ಹೀಗೆಯೇ ಆಗುತ್ತದೆ. ಸುಲಿದು, ತೂಗಿ ಹಾಕಬೇಕು. ಫೋನಿನಲ್ಲಿ ಹೇಳಿದರೆ ಅರ್ಧ ಕೇಳಿ ಅರ್ಧ ಬಿಡುತ್ತೀಯೆ ಎಂದು ಬರೆಯುತ್ತಿದ್ದೇನೆ.

ಅಂಗಡಿಯ ಬಾಗಿಲಲ್ಲಿ ಗೊನೆ ನೇತುಹಾಕಿ ಮಾರುವವನಿಗೆ ಈ ವ್ಯತ್ಯಾಸ ದಿನವೂ ಕಣ್ಣಿಗೆ ಬೀಳುತ್ತದೆ. ಸುಲಿದ ಏಲಕ್ಕಿ ಬಾಳೆಯೊಂದು 40ರಿಂದ 50 ಗ್ರಾಂ ತೂಗಿದರೆ, ಪಚ್ಚಬಾಳೆ 100ರಿಂದ 130 ಗ್ರಾಂವರೆಗೂ ಹೋಗುತ್ತದೆ. ಅಂದರೆ ಮೂರು ಏಲಕ್ಕಿ ಸೇರಿ 150 ಗ್ರಾಂ ದಾಟುವುದಿಲ್ಲ, ಮೂರು ಪಚ್ಚಬಾಳೆ 400 ಗ್ರಾಂ ಸಮೀಪಕ್ಕೆ ಬರುತ್ತದೆ. ಅಮೆರಿಕದವರ ಅಳತೆಗಳಲ್ಲಿ ಬರುವ ಬಾಳೆಹಣ್ಣು ಕ್ಯಾವೆಂಡಿಶ್ ಜಾತಿಯದು, ನಮ್ಮ ಪಚ್ಚಬಾಳೆಯ ಕುಲದ್ದೇ; ಅವರಿಗೆ ಅಂಗಡಿಯಲ್ಲಿ ಸಿಗುವುದು ಬಹುಮಟ್ಟಿಗೆ ಅದೊಂದೇ ಆದ್ದರಿಂದ ‘ಮೂರು’ ಎಂದರೆ ಅವರ ಕೆಲಸ ನಡೆಯುತ್ತದೆ. ಏಲಕ್ಕಿ, ಪಚ್ಚಬಾಳೆ, ಕದಳಿ, ನೇಂದ್ರ, ಚಂದ್ರಬಾಳೆ ಎಂದು ಒಂದೇ ಅಂಗಡಿಯಲ್ಲಿ ನಾಲ್ಕೈದು ಬಗೆ ತೂಗುಬಿದ್ದಿರುವ ಊರಿನಲ್ಲಿ ಆ ಮಾತು ನಡೆಯುವುದಿಲ್ಲ. ಹನ್ನೆರಡು ಮಫಿನ್‌ಗೆ ಸುಲಿದ ಹಣ್ಣು 300 ಗ್ರಾಂ ಎಂದು ನೆನಪಿಟ್ಟುಕೋ, ಅದು ಯಾವ ಬಾಳೆಯಾದರೂ ಆಗಲಿ. ಅಂಗಡಿಯಲ್ಲಿ ಹೆಚ್ಚಾಗಿ ಇದ್ದ ಚಿಕ್ಕ ಡಿಜಿಟಲ್ ತಕ್ಕಡಿಯೊಂದನ್ನು ಕೊರಿಯರ್‌ನಲ್ಲಿ ಹಾಕಿದ್ದೇನೆ, ಬುಧವಾರದೊಳಗೆ ಬರಬೇಕು.

ಇನ್ನು ಹಣ್ಣಿನ ಹದ. ಅಂತರಸನಹಳ್ಳಿ ಮಾರುಕಟ್ಟೆಯಿಂದ ತಂದ ಏಲಕ್ಕಿ ಗೊನೆ ಮೊದಲೆರಡು ದಿನ ಎಲ್ಲರಿಗೂ ಬೇಕು. ಆಮೇಲೆ ಸಿಪ್ಪೆ ತೆಳುವಾಗಿ, ಕಪ್ಪು ಚುಕ್ಕೆ ಎದ್ದು, ಕೈ ತಾಗಿದರೆ ಸಾಕು ಹಣ್ಣು ತೊಟ್ಟಿನಿಂದ ಕಳಚಿ ಬೀಳಲು ಶುರುವಾಗುತ್ತದೆ. ಪೂಜೆಗೆ ಚಿಪ್ಪು ಕೇಳುವವರು ಅದನ್ನು ಮುಟ್ಟುವುದಿಲ್ಲ. ಬುಟ್ಟಿಯಲ್ಲಿ ಉಳಿದು ಹಸುವಿನ ಪಾಲಾಗುವ ಆ ಹಣ್ಣೇ ಮಫಿನ್‌ಗೆ ಬೇಕಾದದ್ದು. ಕಾಯಿಯಾಗಿದ್ದಾಗ ಬಾಳೆಯ ತಿರುಳಿನ ತೂಕದಲ್ಲಿ ಸುಮಾರು ಐದನೆಯ ಒಂದು ಪಾಲು ಪಿಷ್ಟವಿರುತ್ತದೆ. ಹಣ್ಣಾಗುತ್ತ ಹೋದಂತೆ ಆ ಪಿಷ್ಟವೆಲ್ಲ ಬಹುಮಟ್ಟಿಗೆ ಸಕ್ಕರೆಯಾಗಿ, ಕೊನೆಗೆ ನೂರಕ್ಕೆ ಒಂದೆರಡು ಪಾಲು ಮಾತ್ರ ಉಳಿಯುತ್ತದೆ. ತಿರುಳನ್ನು ಬಿಗಿಯಾಗಿ ಹಿಡಿದಿದ್ದ ಪೆಕ್ಟಿನ್ ಸಡಿಲವಾಗುವುದರಿಂದ ಫೋರ್ಕಿನ ಬೆನ್ನಿನಿಂದ ಒತ್ತಿದರೂ ಹಣ್ಣು ಗಂಟಿಲ್ಲದೆ ಕಿವುಚಿಹೋಗುತ್ತದೆ. ಬಾಳೆಯ ಘಮವೂ ಆ ಹೊತ್ತಿಗೇ ಹೆಚ್ಚು. ಹಳದಿಯಾಗಿ ಚೆಂದ ಕಾಣುವ ಹಣ್ಣು ಹಾಕಿದರೆ ಸಕ್ಕರೆ ಹೆಚ್ಚು ಬೇಕಾಗುತ್ತದೆ, ಪರಿಮಳ ಮಾತ್ರ ಬರುವುದಿಲ್ಲ. ಆದರೆ ಕಪ್ಪಾದದ್ದೆಲ್ಲ ಒಳ್ಳೆಯದೆಂದೂ ತಿಳಿಯಬೇಡ: ತೊಟ್ಟಿನಲ್ಲಿ ಬೂಷ್ಟು ಬಂದಿದ್ದರೆ, ನೀರು ಸುರಿಯುತ್ತಿದ್ದರೆ, ಮೂಗಿಗೆ ಹುಳಿ ಹೆಂಡದ ವಾಸನೆ ತಾಗಿದರೆ ಎಸೆದುಬಿಡು.

ಸಿಪ್ಪೆಯ ಬಣ್ಣವನ್ನು ನಂಬದಿರಲು ಇನ್ನೊಂದು ಕಾರಣವಿದೆ. ಹಿಂದೆ ಗೊನೆಗಳನ್ನು ಮುಚ್ಚಿದ ಕೋಣೆಯಲ್ಲಿಟ್ಟು ಹೊಗೆ ಹಾಕಿ ಹಣ್ಣು ಮಾಡುತ್ತಿದ್ದರು, ಈಗ ದೊಡ್ಡ ವ್ಯಾಪಾರಿಗಳ ಕಡೆ ಎಥಿಲೀನ್ ಅನಿಲದ ಕೋಣೆಗಳಿವೆ, ಇದಕ್ಕೆ ಕಾನೂನಿನ ಒಪ್ಪಿಗೆಯೂ ಇದೆ. ಹಣ್ಣು ಮಾಡಲು ಬಳಸುವ ಕ್ಯಾಲ್ಸಿಯಂ ಕಾರ್ಬೈಡ್ ಎಂಬ ರಾಸಾಯನಿಕಕ್ಕೆ ನಿಷೇಧವಿದ್ದರೂ ಅದನ್ನು ಬಳಸುವವರು ಇಲ್ಲವೆಂದಲ್ಲ. ಅವಸರದಲ್ಲಿ ಬಣ್ಣ ಬರಿಸಿದ ಹಣ್ಣು ಹೊರಗೆ ಹಳದಿಯಾಗಿದ್ದು ಒಳಗೆ ಇನ್ನೂ ಗಟ್ಟಿಯಾಗಿರುತ್ತದೆ, ಆದ್ದರಿಂದ ತಂದ ಮೇಲೆ ನಿನ್ನ ಕೋಣೆಯಲ್ಲೇ ನಾಲ್ಕೈದು ದಿನ ಬಿಡು. ಬೇಗ ಆಗಬೇಕಾದರೆ ಮಾಗಿದ ಟೊಮೆಟೊ ಅಥವಾ ಸೇಬಿನ ಜೊತೆ ಕಾಗದದ ಚೀಲದಲ್ಲಿ ಸುತ್ತಿಡು, ಅವೂ ಎಥಿಲೀನ್ ಬಿಡುತ್ತವೆ. ಸಿಪ್ಪೆ ಸಮೇತ ಓವನ್ನಿನಲ್ಲಿಟ್ಟು ಕಪ್ಪಾಗಿಸುವ ಉಪಾಯವನ್ನು ನಿನ್ನ ಗೆಳತಿ ಹೇಳಿದಳೆಂದು ಬರೆದಿದ್ದೀಯೆ. ಅದರಿಂದ ಹಣ್ಣು ಮೆತ್ತಗಾಗುತ್ತದೆಯೇ ಹೊರತು ದಿನಗಟ್ಟಲೆ ಮಾಗಿದ ಸಿಹಿ ಬರುವುದಿಲ್ಲ. ಒಟ್ಟಿಗೆ ಬಹಳ ಹಣ್ಣು ಮಾಗಿದರೆ ಸುಲಿದು ಫ್ರೀಜರಿನಲ್ಲಿಡಬಹುದು. ಕರಗಿದಾಗ ಬಿಡುವ ಕಂದು ನೀರನ್ನು ಚೆಲ್ಲಬೇಡ, ಸಿಹಿಯೆಲ್ಲ ಅದರಲ್ಲಿರುತ್ತದೆ. ಅದನ್ನೂ ಸೇರಿಸಿಯೇ 300 ಗ್ರಾಂ ತೂಗು.

ಅಳತೆಗಳು ಹೀಗಿವೆ. ಮೈದಾ 200 ಗ್ರಾಂ, ಬೇಕಿಂಗ್ ಪೌಡರ್ ಒಂದು ಟೀ ಚಮಚ, ಅಡುಗೆ ಸೋಡ ಅರ್ಧ ಟೀ ಚಮಚ, ಉಪ್ಪು ಕಾಲು ಟೀ ಚಮಚ, ಇಷ್ಟನ್ನು ಒಟ್ಟಿಗೆ ಜರಡಿ ಹಿಡಿದು ಒಂದು ಪಾತ್ರೆಯಲ್ಲಿಡು. ಇನ್ನೊಂದರಲ್ಲಿ ಕಿವುಚಿದ ಹಣ್ಣು 300 ಗ್ರಾಂ, ಸಕ್ಕರೆ 90 ಗ್ರಾಂ, ಎಣ್ಣೆ 80 ಮಿಲಿ, ಗಟ್ಟಿ ಮೊಸರು 60 ಗ್ರಾಂ ಸೇರಿಸಿ ಸಕ್ಕರೆ ಕರಗುವವರೆಗೆ ಕಲಕು. ಚಾಕೊಲೇಟ್ ಚಿಪ್ಸ್ 120 ಗ್ರಾಂ. ನಮ್ಮ ಮನೆಯಲ್ಲಿ ಮೊಟ್ಟೆ ಬಳಸದ ಕಾರಣ ಅದರ ಕೆಲಸವನ್ನು ಹಣ್ಣಿಗೂ ಮೊಸರಿಗೂ ಹಂಚಿದ್ದೇನೆ. ಮೈದಾವನ್ನು ಕಪ್ಪಿನಲ್ಲಿ ಅಳೆಯುವ ಅಭ್ಯಾಸವನ್ನೂ ಬಿಡು: ಸಡಿಲವಾಗಿ ತುಂಬಿದರೆ ಒಂದು ಕಪ್ 120 ಗ್ರಾಂ, ಡಬ್ಬಿಯಲ್ಲಿ ಒತ್ತಿ ತೆಗೆದರೆ ಅದೇ ಕಪ್ 150 ಗ್ರಾಂ ಆಗುತ್ತದೆ. ಸಕ್ಕರೆಯ ಅರ್ಧಕ್ಕೆ ಪುಡಿ ಬೆಲ್ಲ ಹಾಕಬಹುದು, ಬಣ್ಣ ಗಾಢವಾಗುತ್ತದೆ. ಎಣ್ಣೆಗೆ ಸೂರ್ಯಕಾಂತಿ ಸಾಕು. ನನಗೇನೋ ತಿಪಟೂರು ಕೊಬ್ಬರಿಯ ಎಣ್ಣೆಯೇ ಇಷ್ಟ, ಬಾಳೆಗೂ ಅದಕ್ಕೂ ಹೊಂದುತ್ತದೆ. ಆದರೆ 24 ಡಿಗ್ರಿಗಿಂತ ಕೆಳಗೆ ಅದು ಹೆಪ್ಪುಗಟ್ಟುವುದರಿಂದ ನಮ್ಮ ಊರಿನ ಡಿಸೆಂಬರ್ ಚಳಿಯಲ್ಲಿ ಬೆಳಗಾಗುವಷ್ಟರಲ್ಲಿ ಮಫಿನ್ ಬಿರುಸಾಗಿಬಿಡುತ್ತದೆ. ಮಂಗಳೂರಿನ ಸೆಖೆಯಲ್ಲಿ ನಿನಗೆ ಆ ಚಿಂತೆಯಿಲ್ಲ.

ಎರಡನ್ನೂ ಸೇರಿಸುವ ಗಳಿಗೆಯಲ್ಲಿ ಮಾತ್ರ ನಿನ್ನ ಕೈಯನ್ನು ಹಿಡಿತದಲ್ಲಿಟ್ಟುಕೊಳ್ಳಬೇಕು. ಮೈದಾಕ್ಕೆ ತೇವ ತಾಗಿದೊಡನೆ ಅದರ ಪ್ರೋಟೀನ್ ಸೇರಿ ಗ್ಲುಟೆನ್ ಎಂಬ ಜಿಗುಟು ಎಳೆ ಹುಟ್ಟುತ್ತದೆ. ಚಪಾತಿಗೆ ನಾದಿದಷ್ಟೂ ಒಳ್ಳೆಯದಾಗುವುದು ಅದರಿಂದಲೇ, ಮಫಿನ್ ಕೆಡುವುದೂ ಅದರಿಂದಲೇ. ಒಣ ಹಿಟ್ಟನ್ನು ಹಣ್ಣಿನ ಪಾತ್ರೆಗೆ ಸುರಿದು, ಸೌಟನ್ನು ತಳದಿಂದ ಮೇಲಕ್ಕೆ ಮಗುಚುತ್ತ ಹತ್ತು ಹದಿನೈದು ಸಲ ತಿರುವಿದರೆ ಸಾಕು. ಕೊನೆಯ ನಾಲ್ಕೈದು ಮಗುಚುವಿಕೆಯಲ್ಲಿ ಚಿಪ್ಸ್ ಸೇರಿಸು. ಹಿಟ್ಟು ಇಡ್ಲಿ ಹಿಟ್ಟಿಗಿಂತ ಗಟ್ಟಿಯಾಗಿ, ಅಲ್ಲಲ್ಲಿ ಚಿಕ್ಕ ಗಂಟುಗಳಿಂದ ಒರಟಾಗಿ ಕಾಣಬೇಕು, ಸೌಟಿನಿಂದ ಸುರಿಯದೆ ಮುದ್ದೆಯಾಗಿ ಬೀಳಬೇಕು. ಆ ಗಂಟುಗಳು ಬೇಯುವಾಗ ತಾವಾಗಿ ಕರಗುತ್ತವೆ. ಅವನ್ನು ಒಡೆಯುವ ಹಟಕ್ಕೆ ಬಿದ್ದರೆ ಮಫಿನ್ ನೆತ್ತಿ ಚೂಪಾಗಿ ಎದ್ದು, ಮುರಿದು ನೋಡಿದರೆ ಒಳಗೆ ಕೆಳಗಿನಿಂದ ಮೇಲಕ್ಕೆ ಸುರಂಗದಂಥ ತೂತುಗಳು ಕಾಣುತ್ತವೆ. ನಿನ್ನ ಮೊದಲ ಚಿತ್ರದಲ್ಲಿ ಅರ್ಧ ಮಾಡಿಟ್ಟ ಮಫಿನ್‌ನಲ್ಲಿ ಅಂಥ ಒಂದೆರಡು ತೂತು ಕಂಡವು.

ಮಂಗಳೂರು ಬನ್ಸ್ ತಿಂದು ಬೆಳೆದ ನಿನ್ನ ಗೆಳತಿಯರಿಗೆ ಇದು ವಿಚಿತ್ರವೆನಿಸಬಹುದು, ಏಕೆಂದರೆ ಅಲ್ಲಿಯೂ ಅದೇ ಕಳಿತ ಬಾಳೆಹಣ್ಣು, ಅದೇ ಮೈದಾ, ಅದೇ ಮೊಸರು, ಅದೇ ಸೋಡ. ಆದರೆ ಬನ್ಸ್ ಹಿಟ್ಟನ್ನು ನಾದಿ, ಗಂಟೆಗಟ್ಟಲೆ ನೆನೆಯಲು ಬಿಟ್ಟು, ಲಟ್ಟಿಸಿ, ಎಣ್ಣೆಯಲ್ಲಿ ಕರಿಯುತ್ತಾರೆ. ಅದು ಉಬ್ಬಲು ಎಳೆ ಬೇಕು. ಮಫಿನ್ ಹಿಟ್ಟನ್ನು ಕಲಸಿ ಕಾಯಿಸಬಾರದು. ಮೊಸರಿನ ಹುಳಿಗೆ ಸೋಡ ತಾಗಿದ ಕ್ಷಣದಿಂದಲೇ ಗಾಳಿ ಹುಟ್ಟಿ ಹೊರಟುಹೋಗುತ್ತಿರುತ್ತದೆ, ಆದ್ದರಿಂದ ಓವನ್ ಕಾದ ಮೇಲೆಯೇ ಎರಡು ಪಾತ್ರೆಗಳನ್ನು ಒಂದು ಮಾಡು. ಹೆಚ್ಚು ಉಬ್ಬಲೆಂದು ಸೋಡ ಹೆಚ್ಚಿಸಬೇಡ. ಹುಳಿಗೆ ಮಿಕ್ಕ ಸೋಡ ಸೋಪಿನ ರುಚಿ ಕೊಡುತ್ತದೆ. ಡಬ್ಬಿಯಲ್ಲಿ ಹಳೆಯದಾಗಿರುವ ಬೇಕಿಂಗ್ ಪೌಡರನ್ನು ಬಿಸಿನೀರಿಗೆ ಚಿಟಿಕೆ ಹಾಕಿ ನೋಡು, ನೊರೆಯೇಳದಿದ್ದರೆ ಬೇರೆ ತಾ. ಆ ಊರಿನ ತೇವಕ್ಕೆ ಅದು ಬೇಗ ಸತ್ವ ಕಳೆದುಕೊಳ್ಳುತ್ತದೆ.

ಚಿಪ್ಸ್ ವಿಷಯದಲ್ಲಿ ನನಗೆ ಸ್ವಲ್ಪ ತಕರಾರಿದೆ. ಅಗ್ಗದ ಪೊಟ್ಟಣಗಳಲ್ಲಿ ಹೆಚ್ಚಿನವು ಕಾಂಪೌಂಡ್, ಅಂದರೆ ಕೋಕೋ ಬೆಣ್ಣೆಯ ಬದಲು ಬೇರೆ ಸಸ್ಯಜನ್ಯ ಕೊಬ್ಬು ಹಾಕಿದ್ದು. ಕರಗಿಸಿ ಅಲಂಕಾರ ಮಾಡಲು ಅದು ಸುಲಭ, ಬಾಯಿಗೆ ಮಾತ್ರ ಮೇಣದಂತೆ ಮೆತ್ತುತ್ತದೆ. ಕೊಳ್ಳುವಾಗ ಹಿಂಬದಿಯ ಪಟ್ಟಿಯಲ್ಲಿ ಕೋಕೋ ಬೆಣ್ಣೆ ಇದೆಯೇ ಎಂದು ಓದು. ಚಿಪ್ಸ್ ಸಿಗದಿದ್ದರೆ ಗಟ್ಟಿ ಚಾಕೊಲೇಟನ್ನು ಚಾಕುವಿನಲ್ಲಿ ಕಡಲೆಕಾಳಿನಷ್ಟು ಚೂರು ಮಾಡಿದರೂ ಆಯಿತು. 1930ರ ದಶಕದ ಕೊನೆಯಲ್ಲಿ ಅಮೆರಿಕದ ಟೋಲ್ ಹೌಸ್ ಎಂಬ ತಂಗುಮನೆಯ ರೂತ್ ವೇಕ್‌ಫೀಲ್ಡ್ ಬಿಸ್ಕತ್ತಿನ ಹಿಟ್ಟಿಗೆ ಹಾಕಿದ್ದು ಹಾಗೆ ಒಡೆದ ಚೂರನ್ನೇ, ಪೊಟ್ಟಣದ ಚಿಪ್ಸ್ ಬಂದದ್ದು ಆಮೇಲೆ. ನೀನಿರುವ ಜಿಲ್ಲೆಯಲ್ಲಿ ಅಡಿಕೆ ತೋಟದ ನೆರಳಿನಲ್ಲೇ ಕೋಕೋ ಬೆಳೆಯುತ್ತಾರೆ, ಪುತ್ತೂರಿನಲ್ಲಿ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೋದವರ ಚಾಕೊಲೇಟ್ ಕಾರ್ಖಾನೆ 1986ರಿಂದ ಇದೆ; ಹುಡುಕಿದರೆ ಸಿಗದ ವಸ್ತುವಲ್ಲ. ಕೋಕೋ ಬೆಣ್ಣೆ ಸುಮಾರು 34 ಡಿಗ್ರಿಗೆ ಕರಗುವುದರಿಂದ ಏಪ್ರಿಲ್‌ನಲ್ಲಿ ಪೊಟ್ಟಣ ಮೆತ್ತಗಾಗಿ, ಮತ್ತೆ ಗಟ್ಟಿಯಾದಾಗ ಮೇಲೆ ಬಿಳಿ ಪೊರೆ ಕಾಣುತ್ತದೆ. ಅದು ಬೂಷ್ಟಲ್ಲ, ಬಳಸಬಹುದು. ಚಿಪ್ಸ್ ತಳಕ್ಕೆ ಇಳಿಯದಿರಲು ಮೈದಾ ಹೊರಳಿಸಬೇಕೆನ್ನುತ್ತಾರೆ. ಹಿಟ್ಟು ಗಟ್ಟಿಯಾಗಿದ್ದರೆ ಅದರ ಅಗತ್ಯವಿಲ್ಲ, ತೆಳುವಾಗಿದ್ದರೆ ಅದರಿಂದ ಹೆಚ್ಚೇನೂ ಉಪಯೋಗವಿಲ್ಲ.

ಓಟಿಜಿಯ, ಅಂದರೆ ನಿನ್ನ ಚಿಕ್ಕ ವಿದ್ಯುತ್ ಓವನ್ನಿನ, ಮೇಲಿನ ಕೆಳಗಿನ ಎರಡೂ ರಾಡ್ ಹಾಕಿ 180 ಡಿಗ್ರಿಗೆ ಹದಿನೈದು ನಿಮಿಷ ಕಾಯಲು ಬಿಡು. ಮಫಿನ್ ಟಿನ್ನಿನಲ್ಲಿಟ್ಟ ಪೇಪರ್ ಕಪ್ಪುಗಳ ಮುಕ್ಕಾಲು ಭಾಗ ತುಂಬಿ, ಮಧ್ಯದ ಹಂತದಲ್ಲಿಟ್ಟು, 20ರಿಂದ 22 ನಿಮಿಷ ಬೇಯಿಸು. ಮೊದಲ ಕಾಲು ಗಂಟೆ ಬಾಗಿಲು ತೆರೆಯಬೇಡ. ನಡುವೆ ಕರೆಂಟ್ ಹೋದರೂ ತೆರೆಯಬೇಡ, ಒಳಗಿನ ಕಾವಿಗೆ ಕೆಲವು ನಿಮಿಷ ಬೇಯುತ್ತಲೇ ಇರುತ್ತದೆ. ಕಡ್ಡಿ ಚುಚ್ಚಿ ನೋಡುವಾಗ ಅಂಟಿದ್ದು ಹಿಟ್ಟೋ ಕರಗಿದ ಚಾಕೊಲೇಟೋ ಎಂದು ಗುರುತಿಸಿ, ಅನುಮಾನವಿದ್ದರೆ ಬೇರೆ ಜಾಗದಲ್ಲಿ ಚುಚ್ಚು. ಓವನ್ ಇಲ್ಲದವರು ಇಡ್ಲಿ ಪಾತ್ರೆಯಲ್ಲಿ ಮಾಡಬಹುದೇ ಎಂದು ಕೇಳಿದ್ದೀಯೆ. ಬೇಯುತ್ತದೆ, ಆದರೆ ಕೆಂಪಗಾಗುವುದಿಲ್ಲ: ಆ ಬಣ್ಣಕ್ಕೂ ಹುರಿದ ಘಮಕ್ಕೂ 140 ಡಿಗ್ರಿಯಷ್ಟಾದರೂ ಒಣ ಕಾವು ಬೇಕು, ಇಡ್ಲಿ ಪಾತ್ರೆಯ ಹಬೆ 100 ಡಿಗ್ರಿ ದಾಟುವುದಿಲ್ಲ. ಸುಮಾರು 800 ಮೀಟರ್ ಎತ್ತರದಲ್ಲಿರುವ ತುಮಕೂರಿನಲ್ಲಂತೂ ನೀರು ಕುದಿಯುವುದೇ 97 ಡಿಗ್ರಿಯ ಆಸುಪಾಸಿನಲ್ಲಿ.

ಹೊರತೆಗೆದ ಐದು ನಿಮಿಷಕ್ಕೆ ಟಿನ್ನಿನಿಂದ ಎತ್ತಿ ಜಾಲರಿಯ ಮೇಲಿಡು, ಇಲ್ಲದಿದ್ದರೆ ತಳ ಬೆವರಿ ಒದ್ದೆಯಾಗುತ್ತದೆ. ಪೂರ್ತಿ ತಣ್ಣಗಾಗುವ ಮೊದಲು ಕಾಗದ ಬಿಡಿಸಿದರೆ ಅರ್ಧ ಮಫಿನ್ ಕಾಗದದ ಪಾಲು. ಮಾರನೆಯ ದಿನ ರುಚಿ ಇನ್ನೂ ಚೆನ್ನಾಗಿರುತ್ತದೆ. ಆಮೇಲೆ ಅಲ್ಲಿನ ಹವೆಗೆ ಹೊರಗಿಡದೆ ಫ್ರಿಜ್ಜಿನಲ್ಲಿಡು. ಹಬ್ಬಕ್ಕೆ ಬರುವಾಗ ನಮಗೂ ತರುತ್ತೇನೆಂದಿದ್ದೀಯೆ, ತಾ. ಹಿಂದಿನ ರಾತ್ರಿಯೇ ಮಾಡಿ, ಚೆನ್ನಾಗಿ ಆರಿದ ಮೇಲೆ ಡಬ್ಬಿಯಲ್ಲಿ ಒಂದೇ ಸಾಲಾಗಿ ಜೋಡಿಸಿ, ಡಬ್ಬಿಯನ್ನು ಬಸ್ಸಿನ ಎಂಜಿನ್ ಬದಿಗಿಡದೆ ತೊಡೆಯ ಮೇಲಿಟ್ಟುಕೋ. ನಿನ್ನಮ್ಮನ ಪಾಲಿನ ನಾಲ್ಕಕ್ಕೆ ಚಿಪ್ಸ್ ಹಾಕಬೇಡ, ಅವಳಿಗೆ ಬರಿಯ ಬಾಳೆಹಣ್ಣಿನದೇ ಇಷ್ಟವಂತೆ.

ಇಂತಿ ನಿನ್ನ ಪ್ರೀತಿಯ
ಅಪ್ಪ